ಹಾಲಿ: ಕುರ್ಚಿ ಅಲುಗಿದಾಗ ಎಚ್ಚರಾಗುವ ಪದ

‘ಹಾಲಿ’ ಎಂದರೆ ಈಗಿನ, ಸದ್ಯದ. ಹುದ್ದೆಯ ಹೆಸರಿನ ಹಿಂದೆ ಬಂದಾಗ ಆ ಹುದ್ದೆಯನ್ನು ಇವತ್ತಿನ ದಿನ ಹಿಡಿದಿರುವವರು ಎಂದರ್ಥ. ಹಾಲಿ ಶಾಸಕ, ಹಾಲಿ ಸಂಸದೆ, ಹಾಲಿ ಅಧ್ಯಕ್ಷರು: ಲಿಂಗ ಬದಲಾದರೂ ವಚನ ಬದಲಾದರೂ ಈ ಪದ ತನ್ನ ರೂಪ ಬದಲಿಸುವುದಿಲ್ಲ. ವಾಕ್ಯದಲ್ಲಿ ಒಂಟಿಯಾಗಿ ನಿಂತು ‘ಸದ್ಯಕ್ಕೆ’ ಎಂಬ ಅರ್ಥವನ್ನೂ ಕೊಡುತ್ತದೆ. ‘ಹಾಲಿ ಈ ಜಮೀನು ಇವರ ಅನುಭವದಲ್ಲಿದೆ’ ಎಂದು ಪತ್ರ ಬರೆಯುವವರು ಬರೆಯುತ್ತಾರೆ. ಇದರ ಎದುರಾಳಿ ‘ಮಾಜಿ’.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಪದದ ಜಾಡು ಹಿಡಿಯುವುದಕ್ಕೆ ಕಾರಣವಿದೆ. ಒಂದು ಕಾಲಕ್ಕೆ ಮದ್ರಾಸಿನ ಕೈಯಲ್ಲಿದ್ದ ತಾಲ್ಲೂಕೊಂದು, ದಿವಾನರಿಗೆ ಇನಾಮಾಗಿ ಹೋದ ಸೀಮೆಯೊಂದು, ಮೊನ್ನೆ ಮೊನ್ನೆ ತಾಲ್ಲೂಕಾದ ಊರೊಂದು. ಇಲ್ಲಿ ಆಳುವವರು ಬದಲಾದಷ್ಟು ಬಾರಿ ‘ಹಾಲಿ’ಯ ಅರ್ಥ ಯಾರಿಗೆ ಸಲ್ಲುತ್ತದೆ ಎಂಬುದೂ ಬದಲಾಗಿದೆ.

ಬೇಡದ ಪದ ಬೇಕಾಗುವ ಹೊತ್ತು

ಲೆಕ್ಕ ಹಾಕಿ ನೋಡಿದರೆ ‘ಹಾಲಿ’ ಅನಗತ್ಯ ಪದ. ಶಾಸಕರು ಎಂದರೆ ಈಗಿರುವ ಶಾಸಕರೇ ತಾನೆ? ‘ಶಾಸಕರು ರಸ್ತೆ ಕಾಮಗಾರಿಗೆ ಗುದ್ದಲಿ ಪೂಜೆ ಮಾಡಿದರು’ ಎಂದರೆ ಸಾಕು, ಹಾಲಿ ಎಂದು ಬಿಡಿಸಿ ಹೇಳಬೇಕಿಲ್ಲ. ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಈ ಪದ ಮಲಗಿಯೇ ಇರುತ್ತದೆ.

ಎಚ್ಚರಾಗುವುದು ಟಿಕೆಟ್ ಹಂಚಿಕೆಯ ಕಾಲದಲ್ಲಿ. ‘ಹಾಲಿ ಶಾಸಕರಿಗೇ ಟಿಕೆಟ್’, ‘ಹಾಲಿ ಶಾಸಕರಿಗೆ ಕೊಕ್’, ‘ಹಾಲಿ–ಮಾಜಿಗಳ ಜಟಾಪಟಿ’. ಇನ್ನೊಬ್ಬರು ಅದೇ ಕುರ್ಚಿಯ ಕಡೆ ನೋಡುತ್ತಿದ್ದಾರೆ, ಅಥವಾ ಹಿಂದೆ ಅದರಲ್ಲಿ ಕೂತಿದ್ದವರು ಸುತ್ತಮುತ್ತಲೇ ಓಡಾಡುತ್ತಿದ್ದಾರೆ ಎಂದಾಗ ಮಾತ್ರ ಕೂತವರಿಗೆ ಹಾಲಿ ಎಂಬ ಗುರುತು ಬೇಕಾಗುತ್ತದೆ. ಹೆಸರಿನ ಹಿಂದೆ ಹಾಲಿ ಕಾಣಿಸಿತೆಂದರೆ ಕುರ್ಚಿಯ ಕಾಲು ಸ್ವಲ್ಪ ಅಲುಗಿದೆ ಎಂದೇ ಲೆಕ್ಕ.

ಕನ್ನಡದ ಕ್ರಿಯಾಪದಗಳೂ ಇದನ್ನು ಒಪ್ಪುತ್ತವೆ. ‘ಮಾಜಿಯಾದರು’ ಎನ್ನುತ್ತೇವೆ, ‘ಅವರನ್ನು ಮಾಜಿ ಮಾಡಿದರು’ ಎಂದೂ ಎನ್ನುತ್ತೇವೆ. ಆದರೆ ಗೆದ್ದ ದಿನ ಯಾರೂ ‘ಹಾಲಿಯಾದರು’ ಎನ್ನುವುದಿಲ್ಲ. ಮಾಜಿ ಎಂಬುದು ಒಬ್ಬರು ಹೋಗಿ ಸೇರುವ ಜಾಗ, ಒಮ್ಮೆ ಸೇರಿದರೆ ಜೀವಮಾನದ ಸದಸ್ಯತ್ವ. ಹಾಲಿ ಹಾಗಲ್ಲ, ಅದು ಹಾದುಹೋಗುವ ಹೊತ್ತು.

ಊರಿನ ಕಟ್ಟೆಯ ಮೇಲೆ ಈ ಎರಡೂ ಪದ ಅಷ್ಟಾಗಿ ಕೇಳಿಸುವುದಿಲ್ಲ. ಅಲ್ಲಿ ‘ಈಗಿರೋ ಎಮ್ಮೆಲ್ಲೆ’, ‘ಹಿಂದ್ಲ ಎಮ್ಮೆಲ್ಲೆ’. ಹಾಲಿ, ಮಾಜಿ ಎಂಬವು ಪತ್ರಿಕೆ ಓದುವಾಗಲೋ ಮೈಕಿನ ಮುಂದೆ ನಿಂತಾಗಲೋ ನಾಲಿಗೆಗೆ ಬರುವ ಪದಗಳು.

ಹುಟ್ಟು: ವ್ಯಾಕರಣದ ಪುಸ್ತಕದಿಂದ ಕಚೇರಿಗೆ

ಹಾಲಿಯ ಬೇರು ಅರಬ್ಬಿಯ ‘ಹಾಲ್’. ಸ್ಥಿತಿ, ಪರಿಸ್ಥಿತಿ, ಈಗಿನ ಹೊತ್ತು ಎಂಬ ಅರ್ಥಗಳು ಅದಕ್ಕಿವೆ. ಅದರ ಧಾತುವಿಗೆ ಬದಲಾಗು, ತಿರುಗು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗು ಎಂಬ ಅರ್ಥ. ‘ಹಾಲ್’ಗೆ ಸಂಬಂಧಸೂಚಕ ‘ಈ’ ಸೇರಿದರೆ ‘ಹಾಲೀ’, ಅಂದರೆ ಈಗಿನ ಸ್ಥಿತಿಗೆ ಸೇರಿದ್ದು. ಪಾಣಿಪತ್ತಿನ ಪ್ರಸಿದ್ಧ ಉರ್ದು ಕವಿ ಅಲ್ತಾಫ್ ಹುಸೇನ್ (1837–1914) ತಮ್ಮ ಕಾವ್ಯನಾಮವಾಗಿ ಇಟ್ಟುಕೊಂಡದ್ದು ಇದೇ ಪದವನ್ನು: ‘ಹಾಲಿ’. ಹೊಸ ಕಾಲದವನು ಎಂಬ ಧ್ವನಿ ಅದರಲ್ಲಿತ್ತು. ನಮ್ಮ ಶಾಸಕರಿಗೂ ಆ ಕವಿಗೂ ಅಷ್ಟರಮಟ್ಟಿಗೆ ನೆಂಟಸ್ತಿಕೆ.

‘ಮಾಜಿ’ಯ ಮೂಲವೂ ಅರಬ್ಬಿಯೇ. ಕಳೆದುಹೋದದ್ದು ಎಂದು ಅದರ ಅರ್ಥ. ಅರಬ್ಬಿಯಲ್ಲಿ ಈ ಪದದ ನಡುವಿನ ವ್ಯಂಜನ ನಮ್ಮ ‘ದ’ ‘ಡ’ಗಳ ಹತ್ತಿರದ ಗಡುಸಾದ ಧ್ವನಿ, ‘ಮಾದೀ’ ಎಂಬಂತೆ ಕೇಳಿಸುತ್ತದೆ. ಪಾರಸಿಯವರು ಅದನ್ನು ಇಂಗ್ಲಿಷಿನ ‘ಜೆಡ್’ನಂತೆ ಉಚ್ಚರಿಸಿದರು. ಆ ಧ್ವನಿ ಕನ್ನಡದ ಬಾಯಲ್ಲಿ ‘ಜ’ ಆಯಿತು. ಹೀಗಾಗಿ ‘ಮಾಜಿ’ಯ ಜಕಾರವೇ ಒಂದು ಸಾಕ್ಷಿ: ಈ ಪದ ಅರಬರ ಹಡಗಿನಲ್ಲಿ ನೇರವಾಗಿ ಬಂದದ್ದಲ್ಲ, ಪಾರಸಿ ಬಲ್ಲ ಗುಮಾಸ್ತರ ಲೇಖನಿಯಿಂದ ಇಳಿದದ್ದು.

ಸ್ವಾರಸ್ಯವೆಂದರೆ ಪಾರಸಿ, ಉರ್ದು ವ್ಯಾಕರಣದಲ್ಲಿ ಕಾಲಗಳ ಹೆಸರುಗಳು ಇವೇ. ಮಾಜಿ ಎಂದರೆ ಭೂತಕಾಲ, ಹಾಲ್ ಎಂದರೆ ವರ್ತಮಾನಕಾಲ. ‘ಮಾಜಿ ಸಚಿವ’ ಎಂದಾಗ ನಾವು ನಿಜವಾಗಿ ಹೇಳುತ್ತಿರುವುದು ‘ಭೂತಕಾಲದ ಸಚಿವ’ ಎಂದು. ಭವಿಷ್ಯತ್ ಕಾಲಕ್ಕೆ ಅವರಲ್ಲಿ ‘ಮುಸ್ತಕ್ಬಿಲ್’ ಎಂಬ ಪದವಿದೆ. ಅದನ್ನು ಮಾತ್ರ ನಾವು ಮುಟ್ಟಲಿಲ್ಲ. ಮುಂದೆ ಶಾಸಕರಾಗಬೇಕು ಎಂದು ಹಂಬಲಿಸುವವರ ಹುಟ್ಟುಹಬ್ಬದ ಫ್ಲೆಕ್ಸಿನ ಮೇಲೆ ‘ಭಾವಿ ಶಾಸಕರು’ ಎಂದು ಸಂಸ್ಕೃತವನ್ನು ಕರೆತಂದೆವು.

ಅದೇ ಬೇರಿನಿಂದ ಕನ್ನಡಕ್ಕೆ ಬಂದ ಇನ್ನೊಂದು ಪದ ‘ಅಹವಾಲು’. ಅದು ‘ಹಾಲ್’ ಪದದ ಅರಬ್ಬಿ ಬಹುವಚನ ‘ಅಹ್ವಾಲ್’. ಸ್ಥಿತಿಗತಿಗಳು ಎಂದು ಮೂಲಾರ್ಥ. ಕನ್ನಡದಲ್ಲಿ ಕಷ್ಟಸುಖದ ಬಿನ್ನಹ ಎಂದಾಯಿತು. ತಾಲ್ಲೂಕು ಕಚೇರಿಯ ಮುಂದೆ ಶಾಮಿಯಾನ ಹಾಕಿ ‘ಹಾಲಿ ಶಾಸಕರಿಂದ ಅಹವಾಲು ಸ್ವೀಕಾರ’ ನಡೆಯುವಾಗ, ಮೇಜಿನ ಆ ಕಡೆ ಕೂತವರ ಪದವೂ ಈ ಕಡೆ ಅರ್ಜಿ ಹಿಡಿದು ನಿಂತವರ ಪದವೂ ಒಂದೇ ಧಾತುವಿನ ಮಕ್ಕಳು. ಹವಾಲ್ದಾರನೂ ಹವಾಲಾ ದಂಧೆಯೂ ಅದೇ ಮನೆತನ. ಒಬ್ಬರಿಂದ ಇನ್ನೊಬ್ಬರ ವಶಕ್ಕೆ ದಾಟಿಸುವುದು ‘ಹವಾಲೆ’, ಹಾಗೆ ವಶಕ್ಕೆ ಪಡೆದವನು ‘ಹವಾಲ್ದಾರ’.

ಹಾಲಿಗೂ ಹಾಲಿಗೂ ಮಾತ್ರ ಸಂಬಂಧವಿಲ್ಲ. ದೀಪಾವಳಿಯ ಹೊತ್ತಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದಿಂದ ನೀರು ತುಂಬಿಕೊಂಡು ಬರುವ ಹಾಲರವಿ ಉತ್ಸವದ ‘ಹಾಲು’ ಅಚ್ಚಗನ್ನಡದ ಹಾಲು. ಏಳನೆಯ ವಿಭಕ್ತಿ ಸೇರಿ ‘ಹಾಲಿನಲ್ಲಿ’ ಆಗುವ ಆ ಪದ ಬೇರೆ, ಯಾವ ವಿಭಕ್ತಿಗೂ ಬಗ್ಗದ ಈ ವಿಶೇಷಣ ಬೇರೆ.

ಬಂದ ದಾರಿ

ಬಿಜಾಪುರದ ಆದಿಲ್‌ಶಾಹಿ, ಶಿರಾದಲ್ಲಿ ಕೂತ ಮೊಗಲ್ ಸುಬೇದಾರಿ, ಮರಾಠರ ದಂಡು, ಆಮೇಲೆ ಹೈದರ್ ಮತ್ತು ಟಿಪ್ಪು: ಕನ್ನಡ ನಾಡಿನ ಕಂದಾಯದ ಲೆಕ್ಕಕ್ಕೆ ಪಾರಸಿ, ಮರಾಠಿ ಪದಗಳು ನುಗ್ಗಿದ ಬಾಗಿಲುಗಳು ಇವು. ತಹಸೀಲು, ಜಮಾಬಂದಿ, ಖಾತೆ, ಸದರಿ, ಮಜಕೂರು, ಸಾಕಿನ್, ಬಿನ್ ಇವೆಲ್ಲ ಬಂದ ದಾರಿಯಲ್ಲೇ ಹಾಲಿಯೂ ಬಂತು. ರಾಜರು ಹೋದರೂ ಲೆಕ್ಕದ ಪುಸ್ತಕ ಉಳಿಯುತ್ತದೆ. ಲೆಕ್ಕದ ಪುಸ್ತಕ ಉಳಿದರೆ ಪದವೂ ಉಳಿಯುತ್ತದೆ.

ಈ ಉಳಿಯುವಿಕೆಗೆ ಪೂರ್ಣಯ್ಯನವರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹೈದರನ ಲೆಕ್ಕ ನೋಡಿದವರು, ಟಿಪ್ಪುವಿನ ಖಜಾನೆ ನೋಡಿದವರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾಗಿ 1811ರವರೆಗೆ ರಾಜ್ಯ ನಡೆಸಿದವರು. ದೊರೆ ಬದಲಾದರು, ಧ್ವಜ ಬದಲಾಯಿತು, ಪೂರ್ಣಯ್ಯ ಮಾತ್ರ ಹಾಲಿಯಾಗಿಯೇ ಉಳಿದರು. ಅವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಸೀಮೆಯೇ ಯಳಂದೂರು. ಜಹಗೀರು ವಂಶಪಾರಂಪರ್ಯದ್ದು. ಅಪ್ಪನಿಂದ ಮಗನಿಗೆ ಇಳಿಯುತ್ತ ಬಂತು. ಅದೇ ವಂಶದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು. ಯಳಂದೂರಿನಲ್ಲಿ ಜಹಗೀರ್ದಾರರ ಬಂಗಲೆ ಇಂದಿಗೂ ನಿಂತಿದೆ. ಐದು ವರ್ಷಕ್ಕೊಮ್ಮೆ ಜನರ ಮುಂದೆ ಕೈಮುಗಿಯಬೇಕಾದ ಹಾಲಿಗೂ, ಹುಟ್ಟಿದ ಮನೆಯಿಂದಲೇ ಬರುವ ಹಾಲಿಗೂ ಇರುವ ಅಂತರ ಯಳಂದೂರಿನವರಿಗೆ ಪಾಠ ಹೇಳಿ ತಿಳಿಸಬೇಕಿಲ್ಲ.

ಪಕ್ಕದ ಕೊಳ್ಳೇಗಾಲದ ಕತೆ ಬೇರೆ. 1799ರ ನಂತರ ಅದು ಮೈಸೂರಿಗೆ ಉಳಿಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಕನ್ನಡ ಮಾತಾಡುವ, ರೇಷ್ಮೆ ಬೆಳೆಯುವ ಈ ತಾಲ್ಲೂಕು ಮೈಸೂರು ರಾಜ್ಯದೊಳಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಎರಡು ಊರುಗಳ ನಡುವೆ ಹುದ್ದೆಗಳ ಹೆಸರೇ ಬೇರೆ. ಯಳಂದೂರಿನಾಚೆಯ ಮೈಸೂರು ಸೀಮೆಯಲ್ಲಿ ತಾಲ್ಲೂಕಿನ ಯಜಮಾನ ‘ಅಮಲ್ದಾರ’, ಕೊಳ್ಳೇಗಾಲದಲ್ಲಿ ‘ತಹಸೀಲ್ದಾರ’. ಕೊನೆಗೆ ಗೆದ್ದದ್ದು ತಹಸೀಲ್ದಾರ. ಅಮಲ್ದಾರ ಈಗ ಹಳೆಯ ಕಾದಂಬರಿಗಳಲ್ಲಿ ಮಾತ್ರ ಕುದುರೆ ಏರಿ ಬರುತ್ತಾನೆ.

ಉತ್ತರದ ಕಡೆ ಹಾಲಿಗೆ ಇನ್ನೊಂದು ಬಾಳು ಇತ್ತು. ನಿಜಾಮರ ಹೈದರಾಬಾದ್ ಸಂಸ್ಥಾನದ ನಾಣ್ಯಕ್ಕೆ ‘ಹಾಲಿ ಸಿಕ್ಕ’ ಎಂದು ಹೆಸರು: ಈಗ ಚಲಾವಣೆಯಲ್ಲಿರುವ ನಾಣ್ಯ. ಕಲಬುರಗಿ, ರಾಯಚೂರು, ಬೀದರಿನ ಸಂತೆಗಳಲ್ಲಿ ಬ್ರಿಟಿಷರ ರೂಪಾಯಿ ‘ಕಲ್ದಾರ’, ನಿಜಾಮರದು ‘ಹಾಲಿ’. ಸಂಸ್ಥಾನ ಭಾರತದೊಳಗೆ ಸೇರಿದ ಮೇಲೆ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂದು ವಿನಿಮಯ ಗೊತ್ತಾಗಿ, 1950ರ ದಶಕ ಮುಗಿಯುವ ಹೊತ್ತಿಗೆ ‘ಹಾಲಿ’ ನಾಣ್ಯವೇ ಮಾಜಿಯಾಯಿತು.

ಹಾಲಿಗೂ ಮುಂಚೆ

ಪಾರಸಿ ಬರುವ ಮೊದಲು ಕನ್ನಡದವರು ಈಗ ಆಳುತ್ತಿರುವವರನ್ನು ಹೇಗೆ ಹೇಳುತ್ತಿದ್ದರು? ವಿಶೇಷಣದಿಂದಲ್ಲ, ಕ್ರಿಯಾಪದದಿಂದ. ಶಾಸನಗಳಲ್ಲಿ ದೊರೆಯ ಹೆಸರು ಬಂದ ಮೇಲೆ ‘ಪೃಥ್ವೀರಾಜ್ಯಂ ಗೆಯ್ಯುತ್ತಿರೆ’ ಎಂದೋ, ಆತನ ರಾಜ್ಯ ‘ಸಲುತ್ತಮಿರೆ’ ಎಂದೋ ಒಂದು ಮಾತು ಬರುತ್ತದೆ. ಆಳುತ್ತಿರಲಾಗಿ, ನಡೆಯುತ್ತಿರಲಾಗಿ. ಸಲ್ಲು ಎಂಬುದು ನಾಣ್ಯಕ್ಕೂ ಸಲ್ಲುವ ಕ್ರಿಯಾಪದ: ಚಲಾವಣೆಯಲ್ಲಿರುವುದು ಸಲ್ಲುತ್ತದೆ, ಸವೆದದ್ದು ಸಲ್ಲುವುದಿಲ್ಲ. ಅದರ ಜೊತೆಗೇ ಆಚಂದ್ರಾರ್ಕ ಎಂಬ ಹಾರೈಕೆ, ಸೂರ್ಯಚಂದ್ರರಿರುವ ತನಕ ಎಂದು. ಶಾಸನ ಕೆತ್ತಿಸಿದವರು ಯಾರೂ ಅವಧಿ ಮುಗಿಯುತ್ತದೆ ಎಂದುಕೊಂಡಿರಲಿಲ್ಲ. ಅಥವಾ ಅಂದುಕೊಂಡಿದ್ದರೂ ಕಲ್ಲಿನ ಮೇಲೆ ಬರೆಸುವಂತಿರಲಿಲ್ಲ.

ಹುದ್ದೆಯೇ ಹೆಸರಾಗಿ ಅಂಟಿಕೊಂಡದ್ದೂ ಉಂಟು. ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಯಳಂದೂರಿನ ಹೆಣ್ಣುಮಗಳು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸ ಅವಳದು. ಕೆಲಸ ಎಂದೋ ಮುಗಿಯಿತು, ಅರಮನೆಯ ಆ ದಿನಗಳೂ ಮುಗಿದವು. ಅವಳು ಮಾತ್ರ ಮುನ್ನೂರು ವರ್ಷದಿಂದ ‘ಸಂಚಿಯ ಹೊನ್ನಮ್ಮ’. ಅದೇ ದೊರೆಗೆ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತ ಕೂಡ ಯಳಂದೂರಿನವನೇ. ಆ ಕಾಲದಲ್ಲಿ ಅವನ ಹುದ್ದೆ ಎಲ್ಲರಿಗಿಂತ ದೊಡ್ಡದು. ಇಂದು ಶಾಲೆಯ ಮಕ್ಕಳಿಗೆ ಗೊತ್ತಿರುವುದು ಸಂಚಿ ಹಿಡಿದವಳ ಹೆಸರು.

ಕೊಳ್ಳೇಗಾಲ ಕ್ಷೇತ್ರದಲ್ಲಿ

ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಕೊಳ್ಳೇಗಾಲ ಪಟ್ಟಣ, ಯಳಂದೂರು ತಾಲ್ಲೂಕು, ಸಂತೇಮರಹಳ್ಳಿ ಸುತ್ತಿನ ಊರುಗಳು ಇದರಲ್ಲಿವೆ. ಹಾಲಿ ಎಂಬ ಪದ ಎಷ್ಟು ಸೂಕ್ಷ್ಮದ್ದು ಎಂಬುದಕ್ಕೆ ಈ ಕ್ಷೇತ್ರಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲವೇನೋ.

ಮೊದಲು 2004ರ ಸಂತೇಮರಹಳ್ಳಿ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜನತಾದಳದ (ಜಾತ್ಯತೀತ) ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದಲ್ಲಿ ಒಬ್ಬರು ಶಾಸಕರಾದರು, ಇನ್ನೊಬ್ಬರು ಮನೆಗೆ ಹೋದರು. 2008ಕ್ಕೆ ಕ್ಷೇತ್ರ ಮರುವಿಂಗಡಣೆಯಾಗಿ ಸಂತೇಮರಹಳ್ಳಿ ಕ್ಷೇತ್ರವೇ ಅಳಿಸಿಹೋಯಿತು. ಶಾಸಕರು ಮಾಜಿಯಾಗುವುದು ಎಲ್ಲೆಡೆ ಇದ್ದದ್ದೇ. ಇಲ್ಲಿ ಕ್ಷೇತ್ರವೇ ಮಾಜಿಯಾಯಿತು.

2008ರಲ್ಲಿ ಧ್ರುವನಾರಾಯಣ ಕೊಳ್ಳೇಗಾಲದಿಂದ ಗೆದ್ದರು. ಮರುವರ್ಷವೇ ಚಾಮರಾಜನಗರದಿಂದ ಲೋಕಸಭೆಗೆ ಹೋದರು. 2009ರ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ. 2018ರಲ್ಲಿ ಹಾಲಿ ಶಾಸಕರಾಗಿದ್ದ ಜಯಣ್ಣ ಅವರಿಗೆ ಪಕ್ಷದ ಟಿಕೆಟ್ ಸಿಗಲಿಲ್ಲ, ಅದು ಅಷ್ಟರಲ್ಲಿ ಕಾಂಗ್ರೆಸ್ಸಿಗೆ ಬಂದಿದ್ದ ಕೃಷ್ಣಮೂರ್ತಿ ಅವರ ಪಾಲಾಯಿತು. ಗೆದ್ದದ್ದು ಬಿಎಸ್‌ಪಿಯ ಎನ್. ಮಹೇಶ್. 2023ರಲ್ಲಿ ಮತ್ತೆ ಕೃಷ್ಣಮೂರ್ತಿ, ಈ ಸಲ 59,519 ಮತಗಳ ಅಂತರ. ಒಂದು ಮತದಲ್ಲಿ ಸೋತವರು ಹತ್ತೊಂಬತ್ತು ವರ್ಷದ ಬಳಿಕ ಅಷ್ಟು ಮತದಲ್ಲಿ ಗೆದ್ದರು. 2008ರಿಂದ ಇಲ್ಲಿಗೆ ಐದು ಚುನಾವಣೆ, ಐವರು ಶಾಸಕರು. ಒಬ್ಬ ಹಾಲಿಯನ್ನೂ ಕೊಳ್ಳೇಗಾಲ ಎರಡನೇ ಸಲ ಕೂರಿಸಿಲ್ಲ.

ಇವರಲ್ಲಿ ಎನ್. ಮಹೇಶ್ ಅವರ ಅವಧಿಯನ್ನು ಪದಶಾಸ್ತ್ರದ ಕಣ್ಣಿನಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ರಾಜ್ಯದಲ್ಲೇ ಬಿಎಸ್‌ಪಿಯ ಏಕೈಕ ಶಾಸಕ. 2018ರ ಜೂನ್‌ನಲ್ಲಿ ಸಮ್ಮಿಶ್ರ ಸರ್ಕಾರದ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾದರು. ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ಕ್ಷಣದಿಂದ ಅವರು ‘ಮಾಜಿ ಸಚಿವ, ಹಾಲಿ ಶಾಸಕ’. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಹೋಗದ ಕಾರಣ ಪಕ್ಷ ಅವರನ್ನು ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿದರು. ಆನೆಯ ಗುರುತಿನಲ್ಲಿ ಗೆದ್ದವರು ಪತ್ರಿಕೆಗಳಲ್ಲಿ ‘ಹಾಲಿ ಬಿಜೆಪಿ ಶಾಸಕ’ ಆದರು. ಹಾಲಿ ಎಂಬುದು ಜನ ಹೇಗೆ ಆರಿಸಿದರು ಎಂಬುದನ್ನು ಹೇಳುವುದಿಲ್ಲ, ಈ ಬೆಳಿಗ್ಗೆ ಏನಾಗಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ಸ್ಥಿತಿ ಎಂಬ ಅರಬ್ಬಿ ಅರ್ಥವೂ ಬದಲಾಗುವುದು ಎಂಬ ಧಾತುವಿನ ಅರ್ಥವೂ ಇಷ್ಟು ನಿಚ್ಚಳವಾಗಿ ಕೂಡಿದ್ದು ಅಪರೂಪ.

ಅಂದಹಾಗೆ ‘ರಾಜೀನಾಮೆ’ಯೂ ಇದೇ ಕಚೇರಿಯ ಪದ. ಹಿಂದಿ, ಉರ್ದುವಿನಲ್ಲಿ ಅದು ಎರಡು ಕಡೆಯವರು ರಾಜಿಯಾದ ಪತ್ರ. ಕನ್ನಡ, ಮರಾಠಿಗಳಲ್ಲಿ ಹುದ್ದೆ ಬಿಡುವ ಪತ್ರ. ರಾಜಿಯಾಗದೆ ಬಿಟ್ಟುಹೋಗುವವರೇ ಇಲ್ಲಿ ರಾಜೀನಾಮೆ ಕೊಡುವುದು.

ಹುದ್ದೆಯಲ್ಲಿದ್ದಾಗಲೇ ತೀರಿಹೋದವರನ್ನು ಕುರಿತ ಒಂದು ಸಂಗತಿಯೂ ಈ ಜಿಲ್ಲೆಯದೇ. 2019ರಲ್ಲಿ ಧ್ರುವನಾರಾಯಣ ಅವರನ್ನು 1,817 ಮತಗಳಿಂದ ಸೋಲಿಸಿ ಸಂಸದರಾದವರು ವಿ. ಶ್ರೀನಿವಾಸ ಪ್ರಸಾದ್. 2024ರ ಚುನಾವಣೆಗೆ ಅವರು ನಿಲ್ಲಲಿಲ್ಲ. ಏಪ್ರಿಲ್ 26ರಂದು ಚಾಮರಾಜನಗರದಲ್ಲಿ ಮತದಾನ ನಡೆಯಿತು. ಅವರು ತೀರಿಕೊಂಡದ್ದು ಏಪ್ರಿಲ್ 29ರಂದು. ಅವರ ಜಾಗಕ್ಕೆ ಯಾರು ಎಂಬುದು ಆಗಲೇ ಯಂತ್ರದೊಳಗೆ ನಿರ್ಧಾರವಾಗಿ ಮುಚ್ಚಿಟ್ಟಿತ್ತು. ಆದರೂ ಅವರು ಕೊನೆಯ ಉಸಿರಿನವರೆಗೆ ಹಾಲಿ ಸಂಸದರೇ. ಹಾಲಿಯಿಂದ ಮಾಜಿಗೆ ಹೋಗದೆ ನೇರ ದಿವಂಗತರಾದರು. ಅದಕ್ಕೆ ಒಂದು ವರ್ಷ ಮೊದಲು, 2023ರ ಮಾರ್ಚ್‌ನಲ್ಲಿ ತೀರಿಕೊಂಡ ಧ್ರುವನಾರಾಯಣ ಮಾತ್ರ ಸುದ್ದಿಯ ತಲೆಬರಹದಲ್ಲಿ ‘ಮಾಜಿ ಸಂಸದ’.

ಹನೂರಿನಲ್ಲಿ

ಹನೂರಿನದು ತದ್ವಿರುದ್ಧ ಸ್ವಭಾವ. ಕಾಂಗ್ರೆಸ್ಸಿನ ಆರ್. ನರೇಂದ್ರ 2008, 2013, 2018, ಮೂರೂ ಸಲ ಗೆದ್ದು ಹದಿನೈದು ವರ್ಷ ಹಾಲಿಯಾಗಿಯೇ ಇದ್ದರು. 2023ರಲ್ಲಿ ಜೆಡಿಎಸ್‌ನ ಎಂ.ಆರ್. ಮಂಜುನಾಥ್ ಗೆದ್ದರು.

‘ಮಾಜಿ’ ಎಂಬ ಪದ ಇಡೀ ರಾಜ್ಯದ ಕಿವಿಗೆ ಬಿದ್ದದ್ದೂ ಹನೂರಿನಿಂದಲೇ. 2002ರ ಆಗಸ್ಟ್ 25ರ ರಾತ್ರಿ ಕಾಮಗೆರೆಯಿಂದ ವೀರಪ್ಪನ್ ಅಪಹರಿಸಿದ್ದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು. ಡಿಸೆಂಬರ್ 8ರಂದು ಕಾಡಿನಲ್ಲಿ ಅವರ ಶವ ಸಿಕ್ಕಿತು. ಆ ಮೂರೂವರೆ ತಿಂಗಳು ಆಕಾಶವಾಣಿಯಿಂದ ಹಿಡಿದು ಅಂಗಡಿಯ ಮುಂದಿನ ಮಾತಿನವರೆಗೆ ಅವರ ಹೆಸರು ‘ಮಾಜಿ ಸಚಿವ ನಾಗಪ್ಪ’ ಎಂದೇ ಓಡಾಡಿತು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಹನೂರಿನ ಶಾಸಕಿಯಾದರು.

ಹಾಲಿಗಳು ಹೆದರಿದ ಊರು

ಹಾಲಿ ಮಾಜಿಯಾಗುವ ಭಯ ಒಂದು ಊರಿಗೇ ಅಂಟಿಕೊಂಡ ಕತೆ ಇದೇ ಜಿಲ್ಲೆಯದು. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ದಶಕಗಟ್ಟಲೆ ವಿಧಾನಸೌಧದ ಮೊಗಸಾಲೆಯಲ್ಲಿ ಹರಿದಾಡಿತು. ಉದಾಹರಣೆಗೆ ಎಂದು ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲರ ಹೆಸರು ಎಣಿಸುವವರಿದ್ದರು. ಅವರಲ್ಲಿ ಯಾರೂ ಭೇಟಿ ಕೊಡದಿದ್ದರೆ ಅಧಿಕಾರದಲ್ಲೇ ಇರುತ್ತಿದ್ದರೇ ಎಂದು ಕೇಳುವವರು ಕಡಿಮೆ.

1997ರಲ್ಲಿ ಮೈಸೂರಿನಿಂದ ಬೇರ್ಪಡಿಸಿ ಚಾಮರಾಜನಗರವನ್ನು ಜಿಲ್ಲೆ ಮಾಡಿದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರಕ್ಕೆ ಹೋಗಲಿಲ್ಲ. ಮಲೆ ಮಹದೇಶ್ವರ ಬೆಟ್ಟದಿಂದಲೇ ಉದ್ಘಾಟನೆ ಮಾಡಿದರು. ಒಂದು ಜಿಲ್ಲೆಯ ಹುಟ್ಟನ್ನು ಜಿಲ್ಲಾ ಕೇಂದ್ರದ ಹೊರಗೆ ನಿಂತು ಸಾರಿದ ಪ್ರಸಂಗ ಇನ್ನೆಲ್ಲಿದೆಯೋ. ಎಚ್.ಡಿ. ಕುಮಾರಸ್ವಾಮಿ 2007ರಲ್ಲಿ ಪಟ್ಟಣಕ್ಕೆ ಹೋದರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರ ಸರ್ಕಾರ ಬಿತ್ತು. ನಂಬುವವರಿಗೆ ಇನ್ನೇನು ಬೇಕು. ಸಿದ್ದರಾಮಯ್ಯ 2013ರಿಂದ ಹಲವು ಬಾರಿ ಹೋಗಿಬಂದು ಐದು ವರ್ಷದ ಅವಧಿಯನ್ನು ಪೂರ್ತಿ ಮುಗಿಸಿದ ಮೇಲೆ ಈ ಮಾತಿನ ಬಿಸಿ ಆರಿತು. 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿತು.

ಒಡಹುಟ್ಟುಗಳು, ನೆರೆಹೊರೆ

ಹುದ್ದೆಯಲ್ಲಿರುವ ಬಗೆಗಳನ್ನು ಹೇಳಲು ಕನ್ನಡದಲ್ಲಿ ಇನ್ನೂ ಕೆಲವು ಪದಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ. ತಾತ್ಕಾಲಿಕವಾಗಿ ಕೂತವರು ‘ಹಂಗಾಮಿ’. ಪಾರಸಿಯ ‘ಹಂಗಾಮ್’ ಎಂದರೆ ಸಮಯ, ಋತು. ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎನ್ನುವ ರೈತನ ಪದವೂ ಅದೇ. ಹಂಗಾಮಿ ಸಭಾಧ್ಯಕ್ಷರು ಎಂದರೆ ಒಂದು ಬೆಳೆಯ ಕಾಲಕ್ಕೆ ಮಾತ್ರ ಇರುವವರು ಎಂದಂತಾಯಿತು. ಬೇರೊಬ್ಬ ಅಧಿಕಾರಿಯ ಹುದ್ದೆಯನ್ನು ಹೆಚ್ಚುವರಿಯಾಗಿ ಹೊತ್ತವರು ‘ಪ್ರಭಾರ’. ಹಾಲಿಗಿಂತ ಒಂದು ಹೆಜ್ಜೆ ಹಿಂದಿನವರು ‘ನಿಕಟಪೂರ್ವ’. ಸಂಘ ಸಂಸ್ಥೆಗಳ ಆಹ್ವಾನಪತ್ರಿಕೆಯಲ್ಲಿ ಇವರನ್ನು ಬಿಟ್ಟರೆ ಕಾರ್ಯಕ್ರಮಕ್ಕೆ ಮೊದಲೇ ಜಗಳ. ಎಲೆಕ್ಷನ್ ಮಾತಿನಲ್ಲಿ ‘ಸಿಟ್ಟಿಂಗ್ ಎಮ್ಮೆಲ್ಲೆ’ಯೂ ಧಾರಾಳವಾಗಿ ಚಾಲ್ತಿಯಲ್ಲಿದೆ. ಕನ್ನಡದಲ್ಲಿ ಅಭ್ಯರ್ಥಿ ಚುನಾವಣೆಗೆ ನಿಲ್ಲುತ್ತಾನೆ. ನಿಂತು ಗೆದ್ದರೆ ಕೂರುತ್ತಾನೆ. ಆ ಲೆಕ್ಕದಲ್ಲಿ ಸಿಟ್ಟಿಂಗ್ ನಮ್ಮ ಕಿವಿಗೆ ಪರಕೀಯವೆನಿಸದೆ ಹೋದದ್ದು ಸಹಜ.

ಇಂಗ್ಲಿಷಿನವರು ಹಾಲಿಗೆ ಹೇಳುವ ‘ಇನ್ಕಂಬೆಂಟ್’ ಲ್ಯಾಟಿನ್ ಮೂಲದ್ದು. ಅದರ ಕ್ರಿಯಾಪದದ ಅರ್ಥ ಒರಗು, ಮೈಭಾರ ಹಾಕು. ಮೊದಲು ಅದು ಇಗರ್ಜಿಯ ಹುದ್ದೆ ಹಿಡಿದ ಪಾದ್ರಿಗೆ ಸಲ್ಲುತ್ತಿತ್ತು. ಅವರ ಪದದಲ್ಲಿ ಮನುಷ್ಯ ಕುರ್ಚಿಗೆ ಒರಗಿದ್ದಾನೆ, ನಮ್ಮ ಪದದಲ್ಲಿ ಕಾಲ ಹರಿಯುತ್ತಿದೆ. ಆ ಇಂಗ್ಲಿಷ್ ಪದದಿಂದ ಹುಟ್ಟಿದ, ಕೂತವರ ಮೇಲಿನ ಬೇಸರವನ್ನು ಹೇಳುವ ಮಾತನ್ನು ಕನ್ನಡಕ್ಕೆ ತರುವಾಗ ಪತ್ರಿಕೆಗಳು ಹಾಲಿಯನ್ನು ಬಳಸಲಿಲ್ಲ. ‘ಆಡಳಿತ ವಿರೋಧಿ ಅಲೆ’ ಎಂದವು. ಒಬ್ಬರ ಮೇಲಿನ ಸಿಟ್ಟು ಇಡೀ ಆಡಳಿತದ ಮೇಲಿನ ಸಿಟ್ಟಾಗಿ ಬದಲಾದದ್ದು ಹೀಗೆ.

ನೆರೆಯ ಭಾಷೆಗಳಲ್ಲಿ ಹಾಲಿ–ಮಾಜಿ ಜೋಡಿ ಹೀಗೆ ಒಟ್ಟಿಗೆ ಸಿಗುವುದಿಲ್ಲ. ಮರಾಠಿ, ತೆಲುಗಿನಲ್ಲಿ ಮಾಜಿ ಉಂಟು, ಆದರೆ ಈಗಿನವರಿಗೆ ಮರಾಠಿ ‘ವಿದ್ಯಮಾನ’ ಎನ್ನುತ್ತದೆ. ಪದದ ತವರಿನ ಹತ್ತಿರದ ಉರ್ದುವಿನಲ್ಲಿ ಮಾಜಿ ಮಂತ್ರಿ ‘ಸಾಬಿಕ್’, ಹಾಲಿ ಮಂತ್ರಿ ‘ಮೌಜೂದಾ’. ಕೊಳ್ಳೇಗಾಲದ ಪೂರ್ವಕ್ಕೆ, ಹನೂರಿನ ಗೋಪಿನಾಥಂ, ಮಾರ್ಟಳ್ಳಿಯ ಕಡೆ ತಮಿಳು ಮಾತಾಡುವ ಮನೆಗಳಲ್ಲಿ ಮಾಜಿ ಸಚಿವರು ‘ಮುನ್ನಾಳ್ ಅಮೈಚ್ಚರ್’. ಮುನ್ನಾಳ್ ಎಂದರೆ ಮುನ್ನಿನ ನಾಳ್, ಹಿಂದಿನ ದಿನ. ಕನ್ನಡ ಬಲ್ಲ ಯಾರಿಗೂ ಬಿಡಿಸಿ ಹೇಳದೆ ಅರ್ಥವಾಗುವ ಪದ. ನಮ್ಮಲ್ಲೂ ‘ಮುನ್ನ’ ಇತ್ತು, ‘ನಾಳ್’ ಇತ್ತು. ಕೂಡಿಸಿ ಇಂಥದೊಂದನ್ನು ಮಾಡಿಕೊಳ್ಳುವಷ್ಟರಲ್ಲಿ ಗುಮಾಸ್ತರು ಮಾಜಿ ಎಂದು ಬರೆದು ಮುಗಿಸಿದ್ದರು.

ಪತ್ರದ ಹಾಲಿ

ಹುದ್ದೆಯೇ ಇಲ್ಲದವರ ಬದುಕಿನಲ್ಲೂ ಹಾಲಿಗೆ ಜಾಗವಿದೆ, ಅದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ರಾಮಾಪುರದ ಕಡೆಯ ಒಂದು ಹೊಲದ ಕಾಗದಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿದರೆ 1956ರವರೆಗೆ ಅದು ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. ಆಮೇಲೆ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ ಜಿಲ್ಲೆ. 2018ರ ಹೊತ್ತಿಗೆ ಹನೂರು ಹೊಸ ತಾಲ್ಲೂಕಾಗಿ ಕೆಲಸ ಶುರುಮಾಡಿದ ಮೇಲೆ ‘ಹಿಂದಿನ ಕೊಳ್ಳೇಗಾಲ ತಾಲ್ಲೂಕು, ಹಾಲಿ ಹನೂರು ತಾಲ್ಲೂಕು’. ಹೊಲ ಕದಲಲಿಲ್ಲ, ಚಕ್ಕುಬಂದಿಯಲ್ಲಿ ಬರುವ ಹಳ್ಳವೂ ಹುಣಿಸೆಮರವೂ ಅಲ್ಲೇ ಇವೆ.

ಅದರ ಒಡೆಯನ ಹೆಸರಿನ ಮುಂದೆಯೂ ಒಂದು ಹಾಲಿ ಇರುತ್ತದೆ. ಇಂಥ ಗ್ರಾಮದ ಇಂಥವರ ಮಗ, ‘ಹಾಲಿ ವಾಸ ಬೆಂಗಳೂರು’. ಕೂಲಿಗೋ ಗಾರೆ ಕೆಲಸಕ್ಕೋ ಹೋಗಿ ಮೂವತ್ತು ವರ್ಷ ಅಲ್ಲೇ ಇದ್ದು, ಮಕ್ಕಳ ಮದುವೆಯನ್ನೂ ಅಲ್ಲೇ ಮಾಡಿದವರ ಕಾಗದದಲ್ಲೂ ಅದು ‘ಹಾಲಿ ವಾಸ’ವೇ. ಪತ್ರ ಬರೆಯುವವರು ‘ಖಾಯಂ ವಾಸ’ ಎಂದು ತಿದ್ದಲೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ.